ಒಳಗಿನಿಂದ ಚಿಲಕವಿರುವ ಕೋಣೆ

ಫೆಬ್ರವರಿ 3, ಸೋಮವಾರ

ಪ್ರೀತಿಯ ಅಕ್ಕ,

ಬಂದು ತಲುಪಿದೆ. ದಾರಿಯಲ್ಲಿ ಒಂದೇ ಸಲ ವಾಂತಿಯಾಯಿತು. ಪಕ್ಕದಲ್ಲಿ ಕೂತಿದ್ದವರಿಗೆ ಗೊತ್ತಾಗದ ಹಾಗೆ ಮಾಡಿದೆ ಎಂದುಕೊಂಡಿದ್ದೆ. ಇಳಿಯುವಾಗ ಅವರು ಒಂದು ನಿಂಬೆಹಣ್ಣು ಕೈಗಿಟ್ಟರು.

ಈ ಕಾಗದ ನೋಡಿದೆಯಾ? ಮೇಲೆ ನೀಲಿ ಅಕ್ಷರದಲ್ಲಿ ಹೋಟೆಲಿನ ಹೆಸರು, ವಿಳಾಸ, ಮೂಲೆಯಲ್ಲಿ ಪುಟ್ಟದೊಂದು ಹಾಯಿದೋಣಿ. ಇಲ್ಲಿ ಕೆಳಗಿನ ಮಹಡಿಯಲ್ಲಿ ಪತ್ರ ಬರೆಯುವುದಕ್ಕೆಂದೇ ಒಂದು ಕೋಣೆಯಿದೆ. ಮೂರು ಮೇಜು, ಮೂರು ದೀಪ. ಕಾಗದ, ಲಕೋಟೆ ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು. ನಾನು ಕೂತ ಕಿಟಕಿಯಿಂದ ಸಮುದ್ರ ಕಾಣುತ್ತದೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಅಷ್ಟು ದೊಡ್ಡದನ್ನು ಮೊದಲನೇ ದಿನವೇ ಬರೆಯಲು ಧೈರ್ಯ ಸಾಲದು.

ಬಾಗಿಲು ತೆರೆಯುವುದಕ್ಕೆಂದೇ ಒಬ್ಬರಿದ್ದಾರೆ ಅಕ್ಕ. ನನ್ನಂಥವಳಿಗೋಸ್ಕರ ಯಾರಾದರೂ ಬಾಗಿಲು ಹಿಡಿದು ನಿಂತರೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. "ಥ್ಯಾಂಕ್ಸ್" ಅನ್ನುವ ಬದಲು "ಪರವಾಗಿಲ್ಲ ಬಿಡಿ" ಅಂದುಬಿಟ್ಟೆ. ಅವರು ಮುಖ ಅಲ್ಲಾಡಿಸಲಿಲ್ಲ, ಮೀಸೆ ಮಾತ್ರ ಸ್ವಲ್ಪ ಅಲ್ಲಾಡಿತು.

ಮುದ್ರಣಾಲಯಕ್ಕೆ ಹೊಸ ಯಂತ್ರ ಬರುವವರೆಗೆ ಕರಡು ತಿದ್ದುವ ಕೆಲಸವಿಲ್ಲ, ಮೂರು ವಾರ ಮನೆಯಲ್ಲಿ ಕೂತು ಏನು ಮಾಡಲಿ ಎಂದು ನಾನು ಗೊಣಗಿದಾಗ, ಹೊಲಿಗೆಯಲ್ಲಿ ಉಳಿಸಿದ್ದನ್ನೆಲ್ಲ ತೆಗೆದು ನನ್ನ ಕೈಗಿಟ್ಟೆಯಲ್ಲ, "ಹೋಗು, ಸಮುದ್ರ ನೋಡು, ಆದರೆ ಯಾವುದೋ ಗೂಡಿನಲ್ಲಿ ಇಳಿಯಬೇಡ, ಒಳ್ಳೆ ಜಾಗದಲ್ಲಿ ಇಳಿ, ಎಲ್ಲಾ ಬರೆ" ಎಂದು. ನೀನು ಹೇಳಿದಂತೆಯೇ ಆಗಿದೆ. ಸೀಸನ್ ಮುಗಿದಿದೆ, ದರ ಇಳಿಸಿದ್ದಾರೆ.

ಮರಿಗೆ ಮುತ್ತು. ಭಾವನಿಗೆ ನಮಸ್ಕಾರ.

ನಿನ್ನ
ಪಿಸು


ಫೆಬ್ರವರಿ 3, ಸಂಜೆ
(ಲಾಂಡ್ರಿ ಚೀಟಿಯ ಹಿಂಬದಿಯಲ್ಲಿ. ಕಳಿಸಲಿಲ್ಲ.)

ಅಕ್ಕ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೆ ಒಂದು ಸುಳ್ಳು ಬರೆದರೆ ಅದರ ಪಕ್ಕದಲ್ಲಿ ನಿಜವನ್ನೂ ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ. ಕರಡು ತಿದ್ದುವವರ ರೋಗ.

ಆ ಹೋಟೆಲಿನಲ್ಲಿ ನಾನು ಇಳಿದಿಲ್ಲ. ಕೌಂಟರಿನಲ್ಲಿ ದರ ಕೇಳಿದೆ. ನೀನು ಕೊಟ್ಟದ್ದು ಅಲ್ಲಿ ಎರಡು ದಿನಕ್ಕೆ ಸಾಲದು. ಹೊರಗೆ ಹೋಗುವ ದಾರಿ ತಪ್ಪಿ ಬರೆಯುವ ಕೋಣೆಗೆ ಹೊಕ್ಕೆ, ಅಲ್ಲೇ ಕೂತುಬಿಟ್ಟೆ. ಯಾರೂ ಏನೂ ಕೇಳಲಿಲ್ಲ. ನನ್ನನ್ನು ಯಾರೂ ಗಮನಿಸುವುದಿಲ್ಲ ಎನ್ನುವುದು ಮೊದಲ ಬಾರಿ ಉಪಯೋಗಕ್ಕೆ ಬಂತು.

ನಾನಿರುವುದು ಹಿಂದಿನ ಬೀದಿಯಲ್ಲಿ, ಒಂದು ಲಾಂಡ್ರಿಯ ಮೇಲೆ. ಹೋಟೆಲುಗಳ ಹಾಸು, ಟವೆಲುಗಳೆಲ್ಲ ಇಲ್ಲಿಗೇ ಬರುತ್ತವೆ. ಹಾಸು ಪೇರಿಸಿಡುತ್ತಿದ್ದ ಉಗ್ರಾಣವನ್ನು ಲಾಂಡ್ರಿಯಮ್ಮ ನನಗೆ ಬಾಡಿಗೆಗೆ ಕೊಟ್ಟಿದ್ದಾರೆ. ಕೆಳಗಿನ ಹಬೆಗೆ ನೆಲ ಬೆಚ್ಚಗಿರುತ್ತದೆ. ಉಗ್ರಾಣವಾದ್ದರಿಂದ ಚಿಲಕ ಹೊರಗಿನಿಂದ ಮಾತ್ರ. ಬಾಗಿಲಿಗೆ ಕುರ್ಚಿ ಒರಗಿಸಿ ಮಲಗಬೇಕು. ನನಗೆ ಹೆದರಿಕೆ, ಇದೂ ನಿಜ.

ನೀನು ಸಂತೋಷದಿಂದ ಓದಲಿ ಎಂದು ಅಷ್ಟೆ. ಮೂರು ವಾರದ ಸುಳ್ಳು ಯಾರಿಗೆ ಏನು ಮಾಡುತ್ತದೆ?


ಫೆಬ್ರವರಿ 7, ಶುಕ್ರವಾರ

ಪ್ರೀತಿಯ ಪಿಸು,

ನಿನ್ನ ಕಾಗದ ಬಂತು. ವಿಳಾಸ ಮೇಲೇ ಇದ್ದದ್ದು ಒಳ್ಳೆಯದಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವ ಚೆನ್ನಾಗಿದ್ದಾರೆ. ಅಂಚೆ ವಿಂಗಡಣೆ ಕಚೇರಿಯಲ್ಲಿ ಕೆಲಸ ಜಾಸ್ತಿ. ಆದರೂ ನಿನ್ನ ಕಾಗದ ಬಂದ ದಿನ ತಾವೇ ಕೈಯಲ್ಲಿ ತಂದುಕೊಟ್ಟರು.

ನಿನಗೆ ಬರೆಯಲು ಬರುತ್ತದೆ, ನನಗೆ ಓದುವ ಆಸೆ. ಸಮುದ್ರ ಇರಲಿ, ಕೋಣೆಯ ಬಗ್ಗೆ ಬರೆ. ಕಣ್ಣಿಗೆ ಕಟ್ಟುವ ಹಾಗೆ ಬರೆ. ಪರದೆ ಯಾವ ಬಣ್ಣ? ಮಂಚ ಒಂದೋ ಎರಡೋ? ಸ್ನಾನದ ಮನೆಯಲ್ಲಿ ಕನ್ನಡಿ ಎಷ್ಟು ದೊಡ್ಡದು? ಬಾಗಿಲಿಗೆ ಒಳಗಿನಿಂದ ಚಿಲಕ ಹೇಗಿದೆ? ಊಟ ಕೋಣೆಗೇ ತರಿಸಬಹುದೋ, ಎಲ್ಲರ ಮುಂದೆ ಇಳಿದು ಹೋಗಬೇಕೋ? ನಿನ್ನನ್ನು ನೋಡಲು ಯಾರಾದರೂ ಬಂದರೆ ಕೆಳಗೇ ತಡೆಯುತ್ತಾರಾ, ಸೀದಾ ಮೇಲೆ ಬಿಡುತ್ತಾರಾ? ದೊಡ್ಡ ಹೋಟೆಲುಗಳಲ್ಲಿ ಹೇಗೆ ಎಂದು ನನಗೆ ಕುತೂಹಲ. ಮಕ್ಕಳು ಗಲಾಟೆ ಮಾಡಿದರೆ ಬೈಯುತ್ತಾರಾ?

ನಿನ್ನ ಭಾವ ನಗುತ್ತಿದ್ದಾರೆ. "ಸಮುದ್ರದ ಊರಿಗೆ ಹೋದೋಳ ಹತ್ರ ಕನ್ನಡಿ ಅಳತೆ ಕೇಳ್ತೀಯಲ್ಲ" ಎಂದರು. ಕಾಗದ ಅವರೇ ಹಾಕುತ್ತಾರೆ.

ಮರಿ ನಿನಗೆ ಒಂದು ಮೀನು ಬರೆದಿದ್ದಾಳೆ. ಅದಕ್ಕೆ ಕಾಲು ಯಾಕೆ ಎಂದು ಕೇಳಿದರೆ "ಓಡಕ್ಕೆ" ಎಂದಳು.

ನಿನ್ನ ಅಕ್ಕ


ಫೆಬ್ರವರಿ 9, ಭಾನುವಾರ

ಪ್ರೀತಿಯ ಅಕ್ಕ,

ನೀನು ಹೋಟೆಲಿನ ವಿಳಾಸಕ್ಕೇ ಬರೆಯುತ್ತೀಯ ಎಂದು ನನಗೆ ಹೊಳೆದೇ ಇರಲಿಲ್ಲ! ಕೌಂಟರಿನ ಹಿಂದೆ ಗೋಡೆಗೆ ಚಿಕ್ಕ ಚಿಕ್ಕ ಗೂಡುಗಳಿವೆ. ಒಂದರಲ್ಲಿ ನಿನ್ನ ಅಕ್ಷರ ಕಂಡು ಎದೆ ಧಸಕ್ ಎಂದಿತು. ಸಂತೋಷಕ್ಕೆ. ಕೌಂಟರಿನ ಹೆಂಗಸು, ನರೆಗೂದಲಿನವರು, ಯಾವಾಗಲೂ ಪೆನ್ಸಿಲ್ ಹೆರೆಯುತ್ತಿರುತ್ತಾರೆ. ಮಾತಾಡದೆ ಲಕೋಟೆ ತೆಗೆದುಕೊಟ್ಟರು.

ನಿನ್ನ ಪ್ರಶ್ನೆಗಳನ್ನು ಓದಿ ತುಂಬ ನಗು ಬಂತು, ಸ್ವಲ್ಪ ಹೆಮ್ಮೆಯೂ ಆಯಿತು. ಇಂಥ ಓದುಗರು ಎಲ್ಲಿ ಸಿಗುತ್ತಾರೆ? ಕೇಳು. ಪರದೆ ಮೊದಲು ಹಸಿರು ಎನಿಸುತ್ತದೆ. ಬೆಳಗಿನ ಬಿಸಿಲು ಬಿದ್ದಾಗ ಹಸಿರು ಕಳಚಿಕೊಂಡು ಬೂದು ಬಣ್ಣವಾಗುತ್ತದೆ, ಗಾಳಿಗೆ ಉಬ್ಬಿ ಇನ್ನೇನು ಹೊರಟಿತು ಎನ್ನುವ ಹಾಗೆ ನಿಂತು, ಮತ್ತೆ ಮನಸ್ಸು ಬದಲಾಯಿಸಿ ಕಿಟಕಿಗೆ ಅಂಟಿಕೊಳ್ಳುತ್ತದೆ. ಕನ್ನಡಿ ಆಳೆತ್ತರ. ಅದರ ಮುಂದೆ ಹೋಗಲು ನನಗೆ ನಾಚಿಕೆ, ಪಕ್ಕದಿಂದ ಹಾದುಹೋಗುತ್ತೇನೆ. ಮಂಚ ಎರಡು. ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ಪುಸ್ತಕಗಳು. ಚಿಲಕ ಹಿತ್ತಾಳೆಯದು, ಕೈತುಂಬ ಬರುತ್ತದೆ, ಹಾಕಿದರೆ ಒಳ್ಳೆ ಗಡಿಯಾರ ಹೊಡೆದ ಹಾಗೆ ಸದ್ದು. ಊಟ ಕೋಣೆಗೇ ಬರುತ್ತದೆ, ಬೆಳ್ಳಿ ಮುಚ್ಚಳ ಮುಚ್ಚಿಕೊಂಡು. ಯಾರೂ ಯಾರನ್ನೂ ಕೇಳುವುದಿಲ್ಲ. ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ. ಮಕ್ಕಳು ಮೆಟ್ಟಿಲ ಮೇಲೆ ಓಡಾಡುತ್ತವೆ, ಯಾರೂ ಬೈಯುವುದಿಲ್ಲ.

ನಿನ್ನೆ ಮಾತ್ರ ಒಂದು ಗಳಿಗೆ ಜೀವ ಬಾಯಿಗೆ ಬಂದಿತ್ತು. ಸೂಟು ಹಾಕಿದ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ನಿಂತು "ಎಲ್ಲ ಅನುಕೂಲವಾಗಿದೆಯಾ ಮೇಡಂ?" ಎಂದರು. ನಾನು ಬೆವರಿ ನೀರಾಗಿ "ಕಾಗದ ಚೆನ್ನಾಗಿದೆ" ಎಂದೆ. ದೊಡ್ಡವರ ಜೊತೆ ಮಾತಾಡುವುದೆಂದರೆ ನನಗೆ ಹಾಗೇ, ನಿನಗೆ ಗೊತ್ತಲ್ಲ.

ಮೀನನ್ನು ಕನ್ನಡಿಗೆ ಅಂಟಿಸಿದ್ದೇನೆ.

ಪಿಸು


ಫೆಬ್ರವರಿ 12, ಬುಧವಾರ

ಪಿಸು,

ಅಕ್ಷರ ದಪ್ಪವಾಗಿದೆ ಎಂದು ನಗಬೇಡ. ಕನ್ನಡಕ ಒಡೆದುಹೋಯಿತು. ಕೆಳಗೆ ಬಿತ್ತು. ಈ ವರ್ಷ ಎರಡನೇ ಸಲ. ನಿನ್ನ ಭಾವ ಹೊಸದು ಮಾಡಿಸಿಕೊಡುತ್ತೇನೆ ಎಂದಿದ್ದಾರೆ.

ನಿನ್ನ ಕಾಗದ ತುಂಬ ಚೆನ್ನಾಗಿದೆ ಎಂದು ಅವರು ಹೇಳಿದರು. ನಾನು ಓದುವ ಮೊದಲೇ ಹೇಳಿದರು. ಆಮೇಲೆ ನಾನೂ ಓದಿದೆ. ಚೆನ್ನಾಗಿದೆ.

ಇನ್ನೊಂದೆರಡು ಕೇಳುತ್ತೇನೆ, ಬೇಸರ ಮಾಡಬೇಡ. ನೀನು ಇಪ್ಪತ್ತೆರಡರವರೆಗೂ ಅಲ್ಲೇ ಇರುತ್ತೀಯ ತಾನೆ? ಮಧ್ಯೆ ಕೋಣೆ ಬದಲಾಯಿಸುವುದಿಲ್ಲ ತಾನೆ? ಹೋಟೆಲಿಗೆ ಹಿಂದಿನಿಂದ ಬಾಗಿಲು ಇದೆಯಾ? ದೊಡ್ಡ ಕಟ್ಟಡಗಳಿಗೆ ಇರುತ್ತದಂತೆ, ಮರಿ ಕೇಳುತ್ತಿದ್ದಳು.

ಉತ್ತರ ಬೇಗ ಬರೆ. ಪರದೆ ಸಾಕು.

ಅಕ್ಕ


ಫೆಬ್ರವರಿ 14, ಶುಕ್ರವಾರ

ಪ್ರೀತಿಯ ಅಕ್ಕ,

"ಪರದೆ ಸಾಕು"! ಎಷ್ಟು ಚೆನ್ನಾಗಿ ಹೇಳಿದೆ. ಇನ್ನು ಮುಂದೆ ಯಾರ ಬರಹ ಉದ್ದವಾದರೂ ಅಂಚಿನಲ್ಲಿ ಅದನ್ನೇ ಬರೆಯುತ್ತೇನೆ. ಭಾವ ನನ್ನ ಕಾಗದ ಮೆಚ್ಚಿದ್ದಕ್ಕೆ ಆಶ್ಚರ್ಯವಾಯಿತು. ಅಷ್ಟು ಮಿತಭಾಷಿ, ಇಷ್ಟು ಸಾಹಿತ್ಯಪ್ರಿಯರು ಎಂದು ಗೊತ್ತಿರಲಿಲ್ಲ. ಒಂದು ಪುಸ್ತಕ ಕಳಿಸಲೇ?

ಕನ್ನಡಕ ಬೀಳಿಸಿಕೊಳ್ಳುವುದರಲ್ಲಿ ನೀನು ಮೊದಲಿನಿಂದಲೂ ನಿಸ್ಸೀಮಳು. ಅದಕ್ಕೊಂದು ದಾರ ಕಟ್ಟಿಕೋ ಮಾರಾಯ್ತಿ.

ಇಪ್ಪತ್ತೆರಡರವರೆಗೂ ಇಲ್ಲೇ, ಇದೇ ಕೋಣೆ. ಹಿಂದಿನ ಬಾಗಿಲು ಇದೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಲಾಂಡ್ರಿಯ ತಳ್ಳುಗಾಡಿ ಅಲ್ಲಿಂದ ಬರುತ್ತದೆ. ಮೂಟೆಗಳ ನಡುವೆ ಒಬ್ಬ ಮನುಷ್ಯ ಮಲಗಿದರೂ ಗೊತ್ತಾಗಲಿಕ್ಕಿಲ್ಲ ಎಂದು ಒಂದು ಕಥೆ ಹೊಳೆದಿದೆ.

ಪಿಸು


ಫೆಬ್ರವರಿ 15, ಶನಿವಾರ

ಪಿಸು,

ಇದು ಅಂಚೆಯಲ್ಲಿ ಬಂದಿಲ್ಲ, ನೋಡಿರುತ್ತೀಯ. ನಾನು ಯೂನಿಫಾರಂ ಹೊಲಿದುಕೊಡುವ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ. ಅವರಿಗೆ ಏನೂ ಹೇಳಿಲ್ಲ. "ನನ್ನ ತಂಗಿಗೆ ಕೊಡಿ ಅಣ್ಣ" ಎಂದೆ. ಅವರು ನನ್ನ ಮುಖ ನೋಡಿ "ಆಯ್ತಮ್ಮ" ಎಂದರು, ಬೇರೇನೂ ಕೇಳಲಿಲ್ಲ.

ನಾನು ಬರೆದದ್ದನ್ನೆಲ್ಲ ನಿನ್ನ ಭಾವ ಅಂಟಿಸುವ ಮೊದಲು ಓದುತ್ತಾರೆ. ನೀನು ಬರೆದದ್ದನ್ನೆಲ್ಲ ಕಚೇರಿಯಲ್ಲೇ ಹಬೆ ಹಿಡಿದು ಬಿಚ್ಚಿ ಓದಿ ತರುತ್ತಾರೆ. ಅದಕ್ಕೇ ಪರದೆ ಕೇಳಿದೆ, ಕನ್ನಡಿ ಕೇಳಿದೆ. ನನಗೆ ಬೇಕಾಗಿದ್ದದ್ದು ಚಿಲಕ ಮಾತ್ರ.

ಕನ್ನಡಕ ಕೆಳಗೆ ಬೀಳಲಿಲ್ಲ ಪಿಸು. ನನ್ನ ಮುಖದ ಮೇಲಿತ್ತು.

ನಾಲ್ಕು ವರ್ಷದಿಂದ. ಅಮ್ಮನಿಗೆ ಗೊತ್ತು. ಎರಡು ಸಲ ಅಮ್ಮನ ಹತ್ತಿರ ಹೋದೆ. ಎರಡು ಸಲವೂ ಊಟ ಹಾಕಿ, ತಲೆ ಬಾಚಿ, ವಾಪಸ್ ಕಳಿಸಿದಳು. "ಚಿಕ್ಕವಳಿಗೆ ಹೇಳ್ಬೇಡ, ಅವಳು ಹೆದರ್ತಾಳೆ" ಎಂದಳು. ನಾನೂ ಹಾಗೇ ಅಂದುಕೊಂಡೆ. ಆದರೆ ಹೋದ ತಿಂಗಳು ಮರಿ ಊಟದ ತಟ್ಟೆ ಬೀಳಿಸಿದಳು. ಬಿದ್ದ ತಕ್ಷಣ ಅಳಲಿಲ್ಲ. ಹೋಗಿ ಮೇಜಿನ ಕೆಳಗೆ ಕೂತು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನನ್ನು ನೋಡಿ ಕಲಿತಿದ್ದಾಳೆ. ಅವತ್ತೇ ನಿರ್ಧಾರ ಮಾಡಿದೆ.

ನಿನ್ನನ್ನು ಅಲ್ಲಿಗೆ ಕಳಿಸಿದ್ದು ಸಮುದ್ರ ನೋಡಲಿ ಎಂದಲ್ಲ. ಕ್ಷಮಿಸು. ಅವರ ಕಣ್ಣಿಗೆ ಬೀಳದ ಹಾಗೆ ನನಗೆ ಒಂದು ಕೋಣೆ ಬೇಕಾಗಿತ್ತು. ತಂಗಿಯ ಪ್ರವಾಸ ಎಂದರೆ ಅನುಮಾನ ಬರುವುದಿಲ್ಲ.

ಮಂಗಳವಾರ, ಹದಿನೆಂಟನೇ ತಾರೀಖು, ಅವರ ಕಚೇರಿಯಲ್ಲಿ ತಪಾಸಣೆ. ಸಂಜೆಯವರೆಗೆ ಎದ್ದು ಬರುವ ಹಾಗಿಲ್ಲ. ಮರಿಯನ್ನು ಕರೆದುಕೊಂಡು ಹೊರಡುತ್ತೇನೆ. ಬಸ್ ಸ್ಟ್ಯಾಂಡಿಗೆ ಬರಬೇಡ, ಯಾರಾದರೂ ಗುರುತಿನವರು ನೋಡುತ್ತಾರೆ. ಊರಿಗೆ ಮೊದಲೇ ಎಲ್ಲಾದರೂ ಇಳಿದು ನಡೆದು ಬರುತ್ತೇನೆ. ಸೀದಾ ಹೋಟೆಲಿಗೆ. ನಾಲ್ಕು ಗಂಟೆಯ ಹೊತ್ತಿಗೆ. ನೀನು ಮೇಲೆ ಕೋಣೆಯಲ್ಲಿರು. ಚಿಲಕ ಹಾಕಿಕೊಂಡು ಒಂದು ರಾತ್ರಿ ನಿದ್ದೆ ಮಾಡಿದರೆ ಮುಂದಿನದು ಯೋಚಿಸಬಲ್ಲೆ.

ಉತ್ತರ ಬರೆಯಬೇಡ. ಬರೆದರೆ ಅವರ ಕೈಗೇ ಹೋಗುತ್ತದೆ.

ಅಕ್ಕ


ಫೆಬ್ರವರಿ 17, ಸೋಮವಾರ
(ಹೋಟೆಲಿನ ಕೌಂಟರಿನಲ್ಲಿ ಅಕ್ಕನ ಹೆಸರಿಗೆ ಬಿಟ್ಟದ್ದು)

ಅಕ್ಕ,

ನೀನು ಇದನ್ನು ಓದುತ್ತಿದ್ದರೆ ಕೌಂಟರಿನ ಮುಂದೆ ನಿಂತಿದ್ದೀಯ, ಮರಿ ನಿನ್ನ ಕೈ ಹಿಡಿದಿದ್ದಾಳೆ, ನನ್ನ ಕೋಣೆಯ ನಂಬರ್ ಕೇಳಿದ್ದೀಯ. ನನಗೆ ಇಲ್ಲಿ ಕೋಣೆಯಿಲ್ಲ. ಯಾವತ್ತೂ ಇರಲಿಲ್ಲ. ಪರದೆ, ಕನ್ನಡಿ, ಎರಡು ಮಂಚ, ಹಿತ್ತಾಳೆ ಚಿಲಕ, ಎಲ್ಲ ಈ ಬರೆಯುವ ಕೋಣೆಯಲ್ಲಿ ಕೂತು ಕಟ್ಟಿದ್ದು. ನೀನು ಓದಿ ಖುಷಿಪಡುತ್ತೀಯ ಎಂದುಕೊಂಡಿದ್ದೆ. ನೀನು ದಾರಿ ಕೇಳುತ್ತಿದ್ದೆ, ನಾನು ವರ್ಣನೆ ಕೊಟ್ಟೆ.

ಕಂಡಕ್ಟರ್ ನಿನ್ನೆ ರಾತ್ರಿ ಇಲ್ಲಿ ಕೊಟ್ಟುಹೋದ ನಿನ್ನ ಕಾಗದ ನನ್ನ ಕೈಗೆ ಸಿಕ್ಕಿದ್ದು ಇವತ್ತು ಬೆಳಿಗ್ಗೆ ಹತ್ತಕ್ಕೆ. ಓಡಿ ಬಸ್ ಸ್ಟ್ಯಾಂಡಿಗೆ ಹೋದೆ. ಆ ಬಸ್ಸು ಬೆಳಿಗ್ಗೆ ಏಳಕ್ಕೇ ಹೊರಟುಹೋಗಿತ್ತು. ನಿನಗೆ ಸುದ್ದಿ ಮುಟ್ಟಿಸಲು ಅಂಚೆಯೊಂದೇ ಉಳಿದದ್ದು, ಅದು ಭಾವನ ಮೇಜಿನ ಮೇಲಿಂದ ಹೋಗುತ್ತದೆ. ಟ್ರಂಕ್ ಕಾಲ್ ಮಾಡಿದರೆ ಎತ್ತುವವರು ಪಕ್ಕದ ಮನೆಯವರು, ನಾನೇ ಬಂದು ನಿಂತರೆ ಭಾವನಿಗೆ ಅನುಮಾನ. ದಾರಿಯಲ್ಲಿ ನಿಂತುಬಿಟ್ಟೆ ಅಕ್ಕ. ಸುತ್ತ ಬಣ್ಣದ ಕೊಡೆಗಳು, ಐಸ್‌ಕ್ರೀಂ, ಕಪ್ಪು ಕನ್ನಡಕದವರು. ಎಷ್ಟು ನಿಂತೆನೋ ಗೊತ್ತಿಲ್ಲ.

ವಾಪಸ್ ಬಂದು ಕೌಂಟರಿನವರಿಗೆ, "ನಾಳೆ ನಾಲ್ಕು ಗಂಟೆಗೆ ನನ್ನ ಅಕ್ಕ ಬರ್ತಾರೆ" ಎಂದೆ.

"ಯಾವ ರೂಮಿಗೆ?" ಎಂದರು.

ನಾನು ಗೋಡೆಯ ಗೂಡುಗಳ ಕಡೆ ನೋಡಿದೆ. ಅವರು ಪೆನ್ಸಿಲ್ ಕೆಳಗಿಟ್ಟರು. "ನೋಡಮ್ಮ, ಎರಡು ವಾರದಿಂದ ದಿನಾ ಬರ್ತಿದೀಯ. ಒಂದು ದಿನಾನೂ ಬೀಗದ ಕೈ ಕೇಳಿಲ್ಲ. ಇಲ್ಲಿ ಇಳಿದೋರು ಕೇಳೋದೇ ಅದನ್ನ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

"ಕಾಗದ ನಮ್ಮಪ್ಪಂದಾ? ಬರೆದ್ಕೊಳ್ಲಿ ಅಂದ್ಕೊಂಡೆ. ಈಗ ಮ್ಯಾನೇಜರಿಗೆ ಅನುಮಾನ ಬಂದಿದೆ. ನಾಳೆ ನೀನು ಬಂದು ಕೂರ್ಬೇಡ. ಹೊರಗೆ ಹಾಕಿಸ್ತಾರೆ, ನಾಲ್ಕು ಜನ ನೋಡ್ತಾರೆ. ಸರಿಯಾಗಿ ನಾಲ್ಕಕ್ಕೆ ಬಾ."

ನಾನು ಎಲ್ಲ ಹೇಳಿಬಿಟ್ಟೆ. ಇನ್ನೊಬ್ಬರ ಗುಟ್ಟನ್ನು ಹೀಗೆ ಕೌಂಟರಿನ ಮೇಲೆ ಸುರಿದದ್ದಕ್ಕೆ ಕ್ಷಮಿಸು, ಬೇರೆ ದಾರಿ ಕಾಣಲಿಲ್ಲ. ಅವರು ಮರುಕ ತೋರಿಸಲಿಲ್ಲ. "ಅವನು ನೋಡಕ್ಕೆ ಹೇಗಿದಾನೆ?" ಎಂದು ಮಾತ್ರ ಕೇಳಿ, ಚೀಟಿಯಲ್ಲಿ ಗುರುತು ಹಾಕಿಕೊಂಡರು. ಈ ಕಾಗದವನ್ನು ಗೂಡಿನಲ್ಲಿಡದೆ ತಮ್ಮ ಮೇಜಿನ ಖಾನೆಯಲ್ಲಿಡುತ್ತೇನೆ ಎಂದಿದ್ದಾರೆ. ಆದರೂ ಇದರಲ್ಲಿ ನಾನು ಈಗ ಬರೆಯಬೇಕಾದ ವಿಳಾಸವಿದೆ. ಬೇರೆಯವರ ಕೈಗೆ ಸಿಕ್ಕರೆ?

ಬರೆಯುತ್ತೇನೆ. ಹೋಟೆಲಿನ ಹಿಂದಿನ ಬೀದಿ, ಲಾಂಡ್ರಿ, ಹೊರಗಿನ ಮೆಟ್ಟಿಲು, ಮೇಲೆ ಒಂದೇ ಕೋಣೆ. ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ, ಒಣಹಾಕಿದ ಹಾಸುಗಳು ಕಾಣುತ್ತವೆ. ಮಂಚ ಒಂದು.

ಒಳಗಿನಿಂದ ಚಿಲಕ ಇರಲಿಲ್ಲ. ಮಧ್ಯಾಹ್ನ ಲಾಂಡ್ರಿಯಮ್ಮನಿಗೆ ಒಂದು ಚಿಲಕ ಹಾಕಿಸಿಕೊಡಿ ಎಂದೆ. "ಹಾಸು ಕದಿಯಕ್ಕೆ ಯಾರ್ ಬರ್ತಾರೆ ನಿನ್ನ ರೂಮಿಗೆ?" ಎಂದು ನಕ್ಕರು. ನನ್ನ ಅಕ್ಕನ ಗಂಡ ಬರಬಹುದು ಎಂದೆ. ನಗು ನಿಂತಿತು. ತಾವೇ ಸುತ್ತಿಗೆ ತಂದು, ಕೆಳಗಿನ ಬಚ್ಚಲಿನ ಬಾಗಿಲಿನಿಂದ ಕಿತ್ತು, ಇಲ್ಲಿ ಹೊಡೆದರು. ಕಬ್ಬಿಣದ್ದು, ತುಕ್ಕು ಹಿಡಿದಿದೆ, ಸೊಟ್ಟಗಿದೆ. ಎಳೆದು, ಒದ್ದು, ಹೆಗಲು ಕೊಟ್ಟು ನೋಡಿದೆ. ಹದಿನೇಳು ಸಲ. ಹಿಡಿಯುತ್ತದೆ.

ಪಿಸು


ಫೆಬ್ರವರಿ 18, ಮಂಗಳವಾರ, ಮಧ್ಯಾಹ್ನ
(ಹೋಟೆಲಿನ ಕಾಗದದಲ್ಲಿ, ಕೌಂಟರಿನಲ್ಲಿ ತಂಗಿಗೆ ಬಿಟ್ಟದ್ದು)

ಪಿಸು,

ತಪಾಸಣೆ ಮುಂದಕ್ಕೆ ಹೋಯಿತು. ಅವರು ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತೇನೆ ಎಂದರು. ನಾಲ್ಕಕ್ಕೆ ಮುಟ್ಟುವ ಬಸ್ಸಿಗೆ ಕಾಯುವ ಹಾಗಿರಲಿಲ್ಲ, ಅವರು ಗೇಟು ದಾಟುತ್ತಲೇ ಮೊದಲ ಬಸ್ಸು ಹತ್ತಿದೆ. ಈಗ ಒಂದೂವರೆ. ಅವರು ಮನೆಗೆ ಬಂದು ನೋಡಿಯಾಗಿರುತ್ತದೆ.

ನಿನ್ನ ಕಾಗದ ಓದಿದೆ. ಬರೆಯುವ ಕೋಣೆಯಲ್ಲಿ ಕೂತಿದ್ದೇನೆ. ಕನ್ನಡಕವಿಲ್ಲ, ಮುಖದ ಹತ್ತಿರ ಹಿಡಿದು ಓದುವುದಕ್ಕೆ ತುಂಬ ಹೊತ್ತಾಯಿತು. ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂದರೆ ನೀನು ಎದುರಿಗಿದ್ದಿದ್ದರೆ ಕೆನ್ನೆಗೆ ಹೊಡೆಯುತ್ತಿದ್ದೆ. ಹೀಗೆ ಬರೆದು ಕೈ ನಿಂತಿತು. ಇಲ್ಲ, ಹೊಡೆಯುತ್ತಿರಲಿಲ್ಲ. ಆದರೆ ಸಿಟ್ಟು ಬಂದಿದೆ. ರಾತ್ರಿ ಪಕ್ಕದಲ್ಲಿ ಅವರು ಗೊರಕೆ ಹೊಡೆಯುವಾಗ ನಾನು ಆ ಹಿತ್ತಾಳೆ ಚಿಲಕವನ್ನು ಎಷ್ಟು ಸಲ ಹಾಕಿದ್ದೇನೆ ಗೊತ್ತಾ?

ಮರಿ ಇಲ್ಲಿ ಕೂತು ಮೀನು ಬರೆಯುತ್ತಿದ್ದಾಳೆ.

ಕೌಂಟರಿನವರು ಬಂದರು. ಫೋನ್ ಬಂತಂತೆ. ಒಬ್ಬ ಗಂಡಸು, ತುಂಬ ಮರ್ಯಾದೆಯಿಂದ, ನಿನ್ನ ಹೆಸರು ಹೇಳಿ ಯಾವ ಕೋಣೆ ಎಂದು ಕೇಳಿದನಂತೆ. "ರಿಜಿಸ್ಟರ್ ನೋಡಿ ಹೇಳ್ದೆ, ಆ ಹೆಸರಿನೋರು ಇಲ್ಲಿ ಇಳ್ದೇ ಇಲ್ಲ ಅಂತ. ಸುಳ್ಳು ಹೇಳೋ ಕಷ್ಟ ನನಗೆ ಬರ್ಲಿಲ್ಲ" ಎಂದರು. ಆದರೆ ನಿನ್ನ ಭಾವ ಸುಮ್ಮನಿರುವವರಲ್ಲ. ಬಂದೇ ಬರುತ್ತಾರೆ.

ಲಾಂಡ್ರಿಯ ಗಾಡಿ ಹಿಂದಿನ ಬಾಗಿಲಿಗೆ ಬಂದಿದೆಯಂತೆ. ಅದರ ಜೊತೆ ಹೋಗುತ್ತಿದ್ದೇವೆ. ನೀನು ಬಂದಾಗ ಬಾಗಿಲು ತಟ್ಟಿ ಮಾತಾಡು. ತಟ್ಟಿದರೆ ಸಾಲದು, ನಿನ್ನ ದನಿ ಕೇಳದೆ ತೆಗೆಯುವುದಿಲ್ಲ.

ಅಕ್ಕ


ಮಾರ್ಚ್ 2, ಭಾನುವಾರ
(ಕಂಡಕ್ಟರ್ ಕೈಯಲ್ಲಿ)

ಅಕ್ಕ,

ನಿನ್ನನ್ನು ಲಾಂಡ್ರಿಯ ಕೆಲಸಕ್ಕೆ ಬಿಟ್ಟು ಊರಿಗೆ ಬಂದ ಎಂಟನೇ ದಿನ ಇದು, ನನ್ನ ಕೆಲಸಕ್ಕೂ ಸೇರಿದ್ದೇನೆ. ಈ ಸಲ ವರ್ಣನೆ ಇಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇವತ್ತು ಬೆಳಿಗ್ಗೆ ಹತ್ತೂವರೆಗೆ ಭಾವ ಅಮ್ಮನ ಮನೆಗೆ ಬಂದರು. ಮರಿಯ ಗೊಂಬೆ ತಂದಿದ್ದರು. ಚಪ್ಪಲಿ ಜೋಡಿಸಿಟ್ಟು ಒಳಗೆ ಬಂದು ಕೂತರು. ದನಿ ಎತ್ತಲಿಲ್ಲ. ಹೋಟೆಲಿಗೆ ಹೋಗಿದ್ದರಂತೆ. ನನ್ನ ಮೂರೂ ಲಕೋಟೆ ತೋರಿಸಿದರಂತೆ. ಕೌಂಟರಿನವರು ರಿಜಿಸ್ಟರನ್ನೇ ಅವರ ಕಡೆ ತಿರುಗಿಸಿ "ನೀವೇ ಓದ್ಕೊಳಿ" ಎಂದರಂತೆ. "ಯಾರು ಬೇಕಾದ್ರೂ ಬಂದು ನಮ್ಮ ಕಾಗದದಲ್ಲಿ ಬರೀತಾರೆ ಸ್ವಾಮಿ, ಅದಕ್ಕೆ ನಾವೇನ್ ಮಾಡಣ?"

ನನ್ನ ಕಡೆ ತಿರುಗಿ, "ಪಿಸು, ನೀನು ಚೆನ್ನಾಗಿ ಬರೀತೀಯ. ಈಗ ಒಂದು ನಿಜ ಹೇಳು ನೋಡಣ" ಎಂದರು. ನಕ್ಕರು. ಏನೂ ಗೊತ್ತಿಲ್ಲ ಎಂದೆ. ದನಿ ಬಂತು, ಅದೇ ಹೆಚ್ಚು.

ಆಮೇಲೆ ಅವರು ಅಮ್ಮನಿಗೆ, "ನಿಮ್ಮ ಮಗಳು ಯಾರ ಮನೆ ಬಾಗ್ಲಲ್ಲಿ ಕೈಚಾಚಿಕೊಂಡು ನಿಂತಿದಾಳೋ" ಎಂದರು. ಅಮ್ಮ ಅಲ್ಲಿಯವರೆಗೂ ತಲೆ ತಗ್ಗಿಸಿ ಕೂತಿದ್ದಳು. ಅದೊಂದು ಮಾತಿಗೆ ಎದ್ದಳು. "ಅವಳ್ಯಾಕೆ ಕೈಚಾಚ್ತಾಳೆ? ಇಸ್ತ್ರಿ ಮಾಡಿ ತಿಂತಾಳೆ ನನ್ನ ಮಗಳು!" ಎಂದಳು.

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ಆಗಿಹೋಗಿತ್ತು. ಭಾವ ಅವಸರ ಮಾಡಲಿಲ್ಲ. ಲೋಟದಲ್ಲಿದ್ದ ಟೀ ಪೂರ್ತಿ ಕುಡಿದು, ಲೋಟವನ್ನು ಒಳಗೆ ತೊಳೆಯುವ ಕಡೆ ಇಟ್ಟು, ಹೋದರು. ಗೊಂಬೆ ವಾಪಸ್ ತೆಗೆದುಕೊಂಡು ಹೋದರು.

ಆ ಊರಿನಲ್ಲಿ ಲಾಂಡ್ರಿ ಎಷ್ಟಿದ್ದಾವು? ಹುಡುಕಲು ಒಂದು ದಿನ ಸಾಕು. ಅಮ್ಮ ಮಧ್ಯಾಹ್ನದಿಂದ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದಾಳೆ. "ಎರಡು ಸಲ ನಾನೇ ಕಳಿಸ್ದೆ, ಈಗ ಮೂರನೇ ಸಲ" ಎನ್ನುತ್ತಿದ್ದಾಳೆ. ನಾನೂ ಪಕ್ಕದಲ್ಲಿ ಕೂತೆ.

ಅಕ್ಕ, ಅಲ್ಲಿಂದ ಹೊರಟುಬಿಡು. ಇಲ್ಲವಾದರೆ ಬಾಗಿಲು ತೆಗೆಯಬೇಡ. ಲಾಂಡ್ರಿಯಮ್ಮನಿಗೆ ಹೇಳು. ನಾನು ನಾಳೆ ರಜೆ ಹಾಕಿ ಬರಲಾ? ಕಂಡಕ್ಟರ್ ಕೈಯಲ್ಲಿ ಒಂದೇ ಒಂದು ಸಾಲು ಕಳಿಸು. ಅದು ಬರುವವರೆಗೆ ನನಗೆ ಅನ್ನ ಇಳಿಯುವುದಿಲ್ಲ.

ಪಿಸು


ಮಾರ್ಚ್ 6, ಗುರುವಾರ
(ಕಂಡಕ್ಟರ್ ಕೈಯಲ್ಲಿ)

ಪಿಸು,

ನೀನು ಬರಬೇಡ. ಅಮ್ಮನ ಜೊತೆ ಇರು. ಅವಳಿಗೆ ಹೇಳು, ನಾನು ಬೈದಿಲ್ಲ ಎಂದು.

ನಿನ್ನ ಕಾಗದ ಬಂದ ಮೇಲೆ ಎರಡು ದಿನ ಕೋಣೆಯಿಂದ ಇಳಿಯಲಿಲ್ಲ. ಚಿಲಕ ಹಾಕಿಕೊಂಡು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕೆಳಗೆ ಯಾರು ಕೆಮ್ಮಿದರೂ ಅವರೇ ಎನಿಸುತ್ತಿತ್ತು. ಮರಿ ಮೂತ್ರಕ್ಕೂ ಹೋಗಲು ಹೆದರಿದಳು. ಮೂರನೇ ದಿನ ಲಾಂಡ್ರಿಯಮ್ಮ ಬಾಗಿಲ ಹೊರಗೆ ನಿಂತು, "ಹೀಗೇ ಕೂತ್ರೆ ಅವನ ಮನೆಗೂ ಇದಕ್ಕೂ ಏನ್ ವ್ಯತ್ಯಾಸ? ಇನ್ನೂರು ಟವೆಲ್ ಬಿದ್ದಿದೆ ಕೆಳಗೆ" ಎಂದರು. ಇಳಿದೆ.

ನಿನ್ನ ಭಾವ ಬಂದದ್ದು ನಿನ್ನೆ, ಹನ್ನೊಂದು ಗಂಟೆಗೆ. ನಾನು ಉದ್ದ ಮೇಜಿನ ಹತ್ತಿರ ನಿಂತು ಹಾಸು ಮಡಿಸುತ್ತಿದ್ದೆ. ಎದುರಿನ ಕೊನೆ ಹಿಡಿದಿದ್ದವಳು ನನ್ನ ಮುಖ ನೋಡಿ ಹಿಂತಿರುಗಿದಳು. ಬಾಗಿಲಲ್ಲಿ ನಿಂತಿದ್ದರು. ಬಿಳಿ ಅಂಗಿ. ಕೈಯಲ್ಲಿ ಗೊಂಬೆ.

ಓಡಲು ಆಗಲಿಲ್ಲ. ಧೈರ್ಯವಿತ್ತು ಎಂದು ತಿಳಿಯಬೇಡ. ಮರಿ ಆಗಲೇ ಮೇಜಿನ ಕೆಳಗೆ ಹೋಗಿದ್ದಳು. ನನ್ನ ಕಾಲಿಗೆ ಅವಳ ಕೈ ತಗುಲುತ್ತಿತ್ತು.

"ಆಯ್ತು, ಆಟ ಮುಗೀತು. ನಡಿ ಮನೆಗೆ" ಎಂದರು. ಮೆಲ್ಲಗೆ, ನಗುತ್ತ. ಹೊರಗಿನವರ ಮುಂದೆ ಯಾವಾಗಲೂ ಹಾಗೇ.

"ಬರಲ್ಲ" ಎಂದೆ.

ಹಬೆಯ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಅವರು ಕಿವಿಗೆ ಕೈ ಇಟ್ಟುಕೊಂಡು, "ಏನಂದೆ?" ಎಂದರು. ಒಂದು ಹೆಜ್ಜೆ ಒಳಗಿಟ್ಟರು.

ಪಿಸು, ಒಂದು ಸಲ ಹೇಳುವುದು ಹೇಗೋ ಆಗಿಹೋಗುತ್ತದೆ. ಎರಡನೇ ಸಲ, ಅವರು ಕೇಳಿಸಿಕೊಂಡೂ ಕೇಳಿಸದ ಹಾಗೆ ನಿಂತಾಗ, ಗೊತ್ತಿದ್ದೂ ಹೇಳಬೇಕು. ಲಾಂಡ್ರಿಯಮ್ಮ ಹೋಗಿ ಹಬೆಯ ಯಂತ್ರ ನಿಲ್ಲಿಸಿದರು. ಇಸ್ತ್ರಿ ಹಾಕುತ್ತಿದ್ದವರು ಪೆಟ್ಟಿಗೆ ಎತ್ತಿ ಹಿಡಿದು ನಿಂತರು. ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ಯಾರೂ ನನ್ನ ಪರವಾಗಿ ಮಾತಾಡಲಿಲ್ಲ, ಕಾದರು.

"ಬರಲ್ಲ" ಎಂದೆ. ಈ ಸಲ 'ರ'ಕಾರ ನಡುಗಿತು, ಆದರೆ ಆ ಗೋಡೆಯಿಂದ ಈ ಗೋಡೆಯವರೆಗೆ ಕೇಳಿಸಿತು.

ಅವರು ಎಲ್ಲರ ಮುಖ ನೋಡಿದರು. ಒಬ್ಬರಾದರೂ ಕಣ್ಣು ತಗ್ಗಿಸುತ್ತಾರಾ ಎಂದು ಕಾದರು. ಆಮೇಲೆ ಗೊಂಬೆಯನ್ನು ಒದ್ದೆ ಬಟ್ಟೆಯ ರಾಶಿಯ ಮೇಲೆ ಎಸೆದು, "ನೋಡ್ಕೋತೀನಿ" ಎಂದು ಹೋದರು.

ಮತ್ತೆ ಬರುತ್ತಾರೆ. ನನಗೆ ಗೊತ್ತು. ಮರಿಯನ್ನು ಮೇಜಿನ ಕೆಳಗಿಂದ ಹೊರಗೆ ತರುವುದಕ್ಕೆ ಮಧ್ಯಾಹ್ನವಾಯಿತು. ಲಾಂಡ್ರಿಯ ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ಅವಳ ಹತ್ತಿರ ಮಾತಾಡಿ ಹೋದರು. ಕೊನೆಗೆ ತಾನೇ ಬಂದಳು. ಬಂದು ನನ್ನ ಮುಖ ನೋಡಿ ಕೇಳಿದ ಮೊದಲ ಮಾತು: "ಅಮ್ಮ, ಜೋರಾಗಿ ಹೇಳಿದ್ರೆ ಹೊಡೀತಾರಲ್ವಾ?"

"ಹೊಡೀತಾರೆ" ಎಂದೆ. "ಇವತ್ತು ಹೊಡೀಲಿಲ್ಲ."

ಅವಳು ಖಾಲಿ ಬಾಗಿಲ ಕಡೆ ತಿರುಗಿ ನಿಂತು, ಬಹಳ ಮೆಲ್ಲಗೆ, ಒಂದು ಸಲ "ಬರಲ್ಲ" ಎಂದು ಹೇಳಿ ನೋಡಿದಳು.

ನಿನ್ನ ಅಕ್ಕ